ಅಂಕಪಟ್ಟಿ ಇಲ್ಲದ ಶಾಲೆಯಲ್ಲಿ ನಮ್ಮ ಮಾವ

ನಮ್ಮ ಮಗಳು ಐದು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಅವಳ ತಟ್ಟೆಗೆ ದೋಸೆ ಹಾಕುತ್ತ, ದೋಸೆಗೆ ತೂತುಗಳು ಯಾಕೆ ಬೀಳುತ್ತವೆ ಎಂದು ವಿವರಿಸುತ್ತಿದ್ದೆ. ಹಿಟ್ಟು ಹುಳಿ ಬರುವುದು, ಒಳಗೆ ಗಾಳಿ ತುಂಬುವುದು, ಹಂಚಿನ ಬಿಸಿ ತಾಗಿದೊಡನೆ ಆ ಗಾಳಿ ಹೊರಗೆ ಓಡುವುದು, ಎಲ್ಲ ಹೇಳಿದೆ. ಅವಳು ಬಹಳ ಲಕ್ಷ್ಯಗೊಟ್ಟು ಕೇಳಿ ಕೊನೆಗೆ, "ಮಮ್ಮಿ, ಇದು ಪರೀಕ್ಷಾಕ್ಕ ಬರ್ತದೇನು?" ಎಂದಳು.

ಬರುವುದಿಲ್ಲ ಎಂದೆ. ಅವಳು ದೋಸೆ ಮಡಚಿ ಬಾಯಿಗಿಟ್ಟುಕೊಂಡು ಆ ವಿಷಯವನ್ನು ಅಲ್ಲಿಗೇ ಮುಗಿಸಿದಳು.

ಆ ಪ್ರಶ್ನೆ ನನಗೆ ಹೊಸದಲ್ಲ. ನಾನು ಮರಾಠಿ ಸೀಮೆಯಲ್ಲಿ, ನಾವಿರುವ ಧಾಯರಿಯಲ್ಲಿ, ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ದಿನಕ್ಕೆ ಹತ್ತು ಸಲವಾದರೂ ಅದನ್ನು ಕೇಳುತ್ತೇನೆ, ಬೇಸರವಿಲ್ಲದೆ ಉತ್ತರವನ್ನೂ ಕೊಡುತ್ತೇನೆ. ಆದರೆ ಆ ಮಕ್ಕಳಿಗೆ ಹದಿನೈದು ವರ್ಷ, ಕೆಲವರಿಗೆ ಮೀಸೆಯೂ ಮೂಡಿರುತ್ತದೆ. ಹಾಲುಹಲ್ಲು ಇನ್ನೂ ಬೀಳದ ಬಾಯಿಂದ ಅದು ಬಂದಾಗ ನನ್ನ ಕೈಯ ಸೌಟು ಹಾಗೇ ನಿಂತಿತು. ಹಂಚಿನ ಮೇಲಿದ್ದ ದೋಸೆ ಕರಕಲಾಯಿತು.

ಆ ವರ್ಷವೇ ಅವಳ ಶಾಲೆ ಬದಲಾಯಿಸಿದೆವು. ಭೋರ್ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಹಿಂದೆ ಕೋಳಿ ಸಾಕುತ್ತಿದ್ದ ಎರಡು ಉದ್ದನೆಯ ಶೆಡ್ಡುಗಳಲ್ಲಿ ಆ ಶಾಲೆ ನಡೆಯುತ್ತಿತ್ತು. ಒಂದು ಹುಣಸೆಮರ, ಒಂದು ಬಾವಿ, ಸ್ವಲ್ಪ ತರಕಾರಿ ಪಾತಿ. ಮೊದಲ ಕೆಲವು ವರ್ಷ ಅಲ್ಲಿ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಮಕ್ಕಳು ಹಾಡುತ್ತಾರೆ, ಹೆಣೆಯುತ್ತಾರೆ, ರೊಟ್ಟಿ ಸುಡುತ್ತಾರೆ, ಚಿತ್ರ ಬರೆಯುತ್ತ ಬರೆಯುತ್ತ ಅಕ್ಷರಕ್ಕೆ ಬರುತ್ತಾರೆ. ತಲೆ, ಎದೆ, ಕೈ ಮೂರೂ ಒಟ್ಟಿಗೆ ಬೆಳೆಯಬೇಕು ಎನ್ನುವುದು ಅವರ ಮಾತು. ನನ್ನ ಗಂಡ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್; ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆಗೇ ಬರುವುದು. "ನಿನಗ ಸರಿ ಅನಸಿದ್ರ ಮಾಡು" ಎಂದು ಬೂಟಿನ ದಾರ ಕಟ್ಟುತ್ತಲೇ ಒಪ್ಪಿಗೆ ಕೊಟ್ಟ.

ಕಷ್ಟವಾದದ್ದು ಮಾವನವರಿಗೆ.

ನಮ್ಮ ಮಾವ ನಿವೃತ್ತರಾಗುವ ತನಕ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಗದಗ, ಹುಬ್ಬಳ್ಳಿ, ಕೊನೆಗೆ ಬೆಳಗಾವಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿದವರು. ಮಗನ ಮನೆಗೆ ಬಂದ ಮೇಲೂ ಕಿಸೆಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡೇ ತರಕಾರಿ ತರಲು ಹೋಗುತ್ತಿದ್ದರು. ಅವರನ್ನು ಕಂಡರೆ ನಮ್ಮ ಬೀದಿಯ ತರಕಾರಿಯವಳು ಹೆದರಿ ನಾಲ್ಕು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದಳು. ಮಾವ ಅವನ್ನು ತೆಗೆದು ವಾಪಸು ಇಡುತ್ತಿದ್ದರು. ಹೆಚ್ಚು ತೂಗುವುದೂ ಅವರ ಪ್ರಕಾರ ತಪ್ಪೇ.

ಶಾಲೆಯ ವಿಷಯ ಕೇಳಿದಾಗ ಅವರು ಒಂದೇ ಮಾತು ಕೇಳಿದರು. "ತಲಿ, ಎದಿ, ಕೈ ಎಲ್ಲಾ ಬೆಳಸ್ತಾರಂತ. ಚಲೋ ಆತು. ಎಷ್ಟು ಬೆಳೀತು ಅನ್ನೂದು ಹೆಂಗ ನೋಡ್ತಾರ?"

ನನಗೂ ಗೊತ್ತಿರಲಿಲ್ಲ. ವರ್ಷದ ಕೊನೆಗೆ ತಿಳಿಯುತ್ತದೆ ಎಂದು ತೇಲಿಸಿದೆ.

ಒಂದನೆಯ ತರಗತಿಯ ಕೊನೆಗೆ ಒಂದು ಲಕೋಟೆ ಬಂತು. ಒಳಗೆ ತರಗತಿಯ ಶಿಕ್ಷಕಿ ಕೈಯಿಂದ ಮರಾಠಿಯಲ್ಲಿ ಬರೆದ ಒಂದು ಪುಟದ ಪತ್ರ. ಬೆಳಗಾವಿಯಲ್ಲಿದ್ದವರಾದ್ದರಿಂದ ಮಾವನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ನಿಮ್ಮ ಮಗಳು ಈ ವರ್ಷ ಹದಿಮೂರು ಹಾಡು ಕಲಿತಿದ್ದಾಳೆ, ಎರಡನ್ನು ತಾನೇ ಕಟ್ಟಿದ್ದಾಳೆ. ಮೊದಲು ಮಣ್ಣು ಮುಟ್ಟಲು ಹೇಸುತ್ತಿದ್ದಳು, ಈಗ ಎರೆಹುಳದ ಜೊತೆ ಮಾತಾಡುತ್ತಾಳೆ. ಕೂಡುವ ಲೆಕ್ಕದಲ್ಲಿ ಅವಳಿಗೆ ಆತುರವಿಲ್ಲ. ಯಾರಾದರೂ ಅತ್ತರೆ ಹತ್ತಿರ ಹೋಗಿ ಕೂರುತ್ತಾಳೆ, ಏನೂ ಹೇಳುವುದಿಲ್ಲ.

ಮಾವ ಹಾಳೆ ತಿರುಗಿಸಿ ನೋಡಿದರು. ಹಿಂದೆ ಖಾಲಿ. ಲಕೋಟೆಯೊಳಗೆ ಊದಿ ಇಣುಕಿದರು. ಅಲ್ಲೂ ಏನಿರಲಿಲ್ಲ.

"ಎರಿಹುಳದ ಜೋಡಿ ಮಾತಾಡ್ತಾಳ," ಎಂದರು. "ಎಷ್ಟಕ್ಕ ಎಷ್ಟು?"

"ಎಷ್ಟಕ್ಕೂ ಇಲ್ರಿ ಮಾವಾರ. ಮಾತಾಡ್ತಾಳ, ಅಷ್ಟೇ."

"ಹುಳ ಏನಂತದ ಅದನ್ನಾದ್ರೂ ಬರದಾರೇನು? ಅದೂ ಇಲ್ಲ." ಅವರು ಪತ್ರವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. "ನೋಡವಾ, ಇದು ಹಿಂಗ ಬಿಡೂ ವಿಷಯ ಅಲ್ಲ. ನಾಳೆ ನಾ ಹೋಗಿ ಕೇಳ್ತೀನಿ."

ಮರುದಿನ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಆ ಶಾಲೆಯಲ್ಲಿ ಶಿಕ್ಷಕಿಯರನ್ನು ಎಲ್ಲರೂ 'ತಾಈ' ಎನ್ನುತ್ತಾರೆ. ಮರಾಠಿಯಲ್ಲಿ ಅದು ಅಕ್ಕ. ನಮ್ಮ ಕಿವಿಗೆ ಅದು ತಾಯಿ ಎಂದೇ ಕೇಳುತ್ತದೆ. ಎಪ್ಪತ್ತರ ಹತ್ತಿರದ ಮಾವ ಮೂವತ್ತರ ಶಿಕ್ಷಕಿಯ ಮುಂದೆ ನಿಂತು "ತಾಯಿ" ಎಂದು ಶುರು ಮಾಡಿದಾಗ, ಜಗಳಕ್ಕೆ ಬಂದವರ ದನಿ ಅರ್ಧ ಇಳಿದುಹೋಗಿತ್ತು. ಆದರೂ ಹೇಳಬೇಕಾದ್ದನ್ನೆಲ್ಲ ಹೇಳಿದರು: ಅಳತೆಯಿಲ್ಲದೆ ವಸ್ತು ಮಾರಬಾರದು, ಹಾಗೇ ಅಳತೆಯಿಲ್ಲದೆ ಮಗುವನ್ನು ಎರಡನೆಯ ತರಗತಿಗೆ ಕಳಿಸಬಾರದು.

ತಾಈ ಭೋರಿನ ರೈತರ ಮನೆಯ ಹೆಣ್ಣುಮಗಳು. ಮಾತು ನಿಧಾನ. ಪೂರ್ತಿ ಕೇಳಿ, ಅಜ್ಜ ಎಂದು ಕರೆದು ಮರಾಠಿಯಲ್ಲಿ ಹೇಳಿದರು: "ಆಜೋಬಾ, ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದು ವಾರ ಬಂದು ಮಕ್ಕಳ ಜೊತೆ ಕೂತುಕೊಳ್ಳಿ. ಆಮೇಲೆ ಮಾತಾಡೋಣ."

ಮಾವ ಅದನ್ನು ತಪಾಸಣೆಗೆ ಕರೆದಂತೆ ಎಂದು ತಿಳಿದರು. ಜೂನಿನಲ್ಲಿ ಶಾಲೆ ತೆರೆದಾಗ ಇಸ್ತ್ರಿ ಮಾಡಿದ ಅಂಗಿ, ಡೈರಿ, ಟೇಪು ಮತ್ತು ಸ್ಪ್ರಿಂಗ್ ತಕ್ಕಡಿಯೊಡನೆ ಹೊರಟರು.

ಆ ವಾರದ ವರದಿ ನನಗೆ ಎರಡು ಕಡೆಯಿಂದ ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಮಾವ ಒಂದು ಹೇಳುತ್ತಿದ್ದರು, ಮಗಳು ಇನ್ನೊಂದು.

ಸೋಮವಾರ ಮಾವ, "ಪ್ರಾರ್ಥನಾ ಆತು. ಶಿಸ್ತು ಸುಮಾರು ಅದ," ಎಂದರು.

"ಅಜ್ಜ ಗೋಧಿಕಾಳು ಆಗಿದ್ದ," ಎಂದಳು ಮಗಳು. "ನಾವೆಲ್ಲಾ ನೆಲದಾಗ ಮಲಗಿದ್ವಿ. ಮಳಿ ಬಂತು ಅಂತ ತಾಈ ಹಾಡಿದ ಕೂಡ್ಲೆ ಮೊಳಕಿ ಒಡದು ಏಳಬೇಕು. ಅಜ್ಜ ಏಳಲಿಲ್ಲ."

"ಯಾಕ?"

"ನಿದ್ದಿ ಹತ್ತಿತ್ತು. ಗೊರಕಿ ಹೊಡೀಲಿಕ್ಕೆ ಹತ್ತಿದ್ದ. ತಾಈ ಅಂದ್ರು, ಕೆಲವು ಕಾಳು ತಡಾ ಮಾಡಿ ಮೊಳಿತಾವ, ಎಬ್ಬಸಬ್ಯಾಡ್ರಿ ಅಂತ."

ಮಾವ ಸಾರು ಹಾಕಿಸಿಕೊಂಡು ಬೇರೆ ಮಾತು ತೆಗೆದರು.

ಮಂಗಳವಾರ ಹೆಣಿಗೆ. ಪ್ರತಿ ಮಗುವಿಗೂ ಎರಡು ಕಡ್ಡಿ, ಒಂದು ಉಂಡೆ ಉಣ್ಣೆ. ಮಾವನಿಗೂ ಕೊಟ್ಟರು. ಸಡಿಲ ಬಿಟ್ಟರೆ ಅಳತೆ ಕೆಡುತ್ತದೆ ಎಂದು ಅವರು ಪ್ರತಿ ಕುಣಿಕೆಯನ್ನೂ ಮೂಟೆ ಬಿಗಿದಂತೆ ಬಿಗಿದರು. ಪಕ್ಕದಲ್ಲಿದ್ದ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ನೋಡಿ ನೋಡಿ, "ಆಜೋಬಾ, ದಾರಕ್ಕೆ ಉಸಿರು ಕಟ್ಟುತ್ತಿದೆ," ಎಂದಳಂತೆ. ಹನ್ನೆರಡನೆಯ ಸಾಲಿಗೆ ಕಡ್ಡಿ ಹೊರಗೆ ಬರಲೇ ಇಲ್ಲ. ತಾಈ ಎಳೆದರು, ಹಿಂದಿನಿಂದ ಮೂರು ಮಕ್ಕಳು ಸಾಲಾಗಿ ನಿಂತು ತಾಈಯನ್ನು ಎಳೆದವು. ಕಡೆಗೆ ಕಡ್ಡಿ ಸಮೇತ ಮನೆಗೆ ತಂದರು. ನಮ್ಮ ಅತ್ತೆ ಕೊಬ್ಬರಿ ಎಣ್ಣೆ ಸವರಿ, ಎರಡು ಬೆರಳಲ್ಲಿ ಅದನ್ನು ಹೊರಗೆ ತೆಗೆದು ಅಡುಗೆಮನೆಗೆ ಹೋದರು.

ಬುಧವಾರ ಪಾವ್ ಸುಡುವ ದಿನ. ಮಕ್ಕಳು ಹಿಟ್ಟು ನಾದಿ ತಮಗೆ ಬೇಕಾದ ಆಕಾರ ಮಾಡಬಹುದು. ಮಾವ ಸ್ಪ್ರಿಂಗ್ ತಕ್ಕಡಿ ತೆಗೆದು ಪ್ರತಿ ಮಗುವಿಗೂ ಸರಿಯಾಗಿ ನಲವತ್ತು ಗ್ರಾಂ ಹಂಚಿದರು. ಒಬ್ಬ ಹುಡುಗ ಅಳತೊಡಗಿದ. ಅವನಿಗೆ ಹೆಬ್ಬಾವು ಮಾಡಬೇಕಿತ್ತು, ನಲವತ್ತು ಗ್ರಾಮಿಗೆ ಹೆಬ್ಬಾವು ಆಗುವುದಿಲ್ಲ. ಮಾವ ಯೋಚಿಸಿ, "ತೂಕ ಅಷ್ಟೇ ಇರಲಿ, ತೆಳ್ಳಗೆ ಹೊಸೆ, ಉದ್ದ ಆಗುತ್ತದೆ," ಎಂದು ತೋರಿಸಿಕೊಟ್ಟರು. ಹಾವು ಉದ್ದವಾಗುವುದನ್ನು ಕಂಡ ಉಳಿದ ಮಕ್ಕಳು ತಾವು ಮಾಡಿದ್ದ ಆನೆ, ಆಮೆ, ಗಣಪತಿಗಳನ್ನೆಲ್ಲ ಮುದ್ದೆ ಮಾಡಿ ಹಾವು ಹೊಸೆಯಲು ಕೂತವು. ಭಟ್ಟಿಯೊಳಗೆ ಇಪ್ಪತ್ತೆರಡು ಹಾವು. ತೆಳ್ಳಗಿದ್ದದ್ದರಿಂದ ಎಲ್ಲ ಕಟ್ಟಿಗೆಯಂತೆ ಗಟ್ಟಿಯಾದವು. ನಾವು ಮನೆಯಲ್ಲಿ ಮೂರು ದಿನ ಚಹಾದಲ್ಲಿ ಹಾವು ಅದ್ದಿಕೊಂಡು ತಿಂದೆವು.

ಗುರುವಾರ ನಾನೇ ಅಲ್ಲಿದ್ದೆ. ಆ ಶಾಲೆಯಲ್ಲಿ ಮಧ್ಯಾಹ್ನದ ಊಟ ಬಡಿಸಲು ಪಾಲಕರು ಪಾಳಿಯ ಮೇಲೆ ಹೋಗಬೇಕು, ಅಂದು ನನ್ನ ಪಾಳಿ. ಹುಣಸೆಮರದಿಂದ ಬಾವಿಯ ತನಕ ಎಷ್ಟು ದೂರ ಎಂದು ತಾಈ ಕೇಳಿದ್ದರು. ಮಕ್ಕಳು ಹಿಮ್ಮಡಿಗೆ ಬೆರಳು ತಾಗಿಸಿ ಪಾದ ಪಾದ ಇಡುತ್ತ ಅಳೆಯುತ್ತಿದ್ದವು. ಒಬ್ಬಳಿಗೆ ನೂರಾ ಹನ್ನೆರಡು, ಇನ್ನೊಬ್ಬನಿಗೆ ನೂರಾ ಇಪ್ಪತ್ತಾರು, ನಡುವೆ ಚಿಟ್ಟೆ ನೋಡಲು ಹೋದವನಿಗೆ ಎಪ್ಪತ್ತು. ಯಾರದು ಸರಿ ಎಂದು ಜಗಳ ಹತ್ತಿತು.

ಮಾವನ ಮುಖ ನೋಡಬೇಕಿತ್ತು. ನಿವೃತ್ತಿಯ ಮೇಲೆ ಅವರನ್ನು ಅಷ್ಟು ಚುರುಕಾಗಿ ಕಂಡೇ ಇರಲಿಲ್ಲ. ಮಕ್ಕಳನ್ನೆಲ್ಲ ಮರದ ಕೆಳಗೆ ಕೂರಿಸಿ ಮರಾಠಿಯಲ್ಲಿ ವಿವರಿಸಿದರು. ಪ್ರತಿಯೊಬ್ಬನೂ ತನ್ನ ಕಾಲೇ ಸರಿ ಎಂದರೆ ಊರು ನಡೆಯುವುದಿಲ್ಲ. ಎಲ್ಲರೂ ಒಪ್ಪಿದ ಒಂದೇ ಒಂದು ಕಾಲು ಬೇಕು. ಅದನ್ನು ದಿನಬಳಕೆಗೆ ಬಿಟ್ಟರೆ ಸವೆಯುತ್ತದೆ, ಆದ್ದರಿಂದ ಬೀಗ ಹಾಕಿ ಇಡಬೇಕು. ಅದನ್ನು ನೋಡಿ ನಕಲು ಮಾಡಿಕೊಳ್ಳಬೇಕು, ನಕಲಿನಿಂದ ಅಳೆಯಬೇಕು. ಇಷ್ಟಕ್ಕೇ ಒಂದು ಇಲಾಖೆ ಇದೆ, ತಾನು ಅದರಲ್ಲಿದ್ದೆ.

ಮಕ್ಕಳು ಬಾಯಿ ತೆರೆದುಕೊಂಡು ಕೇಳಿದವು. ಆಮೇಲೆ ಯಾರ ಕಾಲು ಎಂಬ ಚರ್ಚೆ ನಡೆಯಿತು. ತಾಈಯ ಕಾಲು ಬೇಡ, ಅವರಿಗೆ ಓಡಾಟ ಹೆಚ್ಚು. ಪಕ್ಕದ ಹೊಲದ ಎಮ್ಮೆಯ ಹೆಸರೂ ಬಂತು. ಕಡೆಗೆ ಎಲ್ಲಕ್ಕಿಂತ ಹಳೆಯ ಕಾಲು ಆಜೋಬಾನದ್ದೇ ಎಂದು ಒಮ್ಮತವಾಯಿತು. ಮಾವ ಎದೆಯುಬ್ಬಿಸಿ ಎಡಗಾಲು ಮುಂದೆ ಚಾಚಿದರು. ಹಲ್ಲಿಲ್ಲದ ಹುಡುಗಿ ಮೆಲ್ಲಗೆ ಅವರ ಚಪ್ಪಲಿ ಕಳಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಶೆಡ್ಡಿನೊಳಗೆ ಹೋದಳು. ಕಪಾಟಿಗೆ ಬೀಗ ಬಿದ್ದ ಸದ್ದು ಹೊರಗೆ ಕೇಳಿಸಿತು.

ಮನೆಗೆ ಹೊರಡುವ ಹೊತ್ತಿಗೆ ಮಾವ ಚಪ್ಪಲಿ ಕೇಳಿದರು.

"ಆಜೋಬಾ, ಅದನ್ನು ದಿನಬಳಕೆಗೆ ಬಿಡಬಾರದು ಅಂತ ನೀವೇ ಹೇಳಿದ್ದು," ಎಂದಳು ಹುಡುಗಿ.

"ನಕಲು ಮಾಡಿಕೊಂಡು ಕೊಡ್ರಿ ಹಂಗಾದ್ರ," ಎಂದು ಮಾವ ಗಾಬರಿಯಲ್ಲಿ ಕನ್ನಡಕ್ಕೇ ಬಂದುಬಿಟ್ಟರು. ನಮ್ಮ ಮಗಳು ಅದನ್ನು ಮರಾಠಿಗೆ ತಿರುಗಿಸಿದಳು. ರಟ್ಟು ತರಬೇಕು, ಕತ್ತರಿಸಬೇಕು, ಸೋಮವಾರದ ತನಕ ಆಗುತ್ತದೆ ಎಂದು ಮಕ್ಕಳು ತೀರ್ಮಾನಿಸಿದವು. ಮಾವ ತಾಈಯ ಕಡೆ ನೋಡಿದರು. ಬೀಗದ ಕೈ ಅವರ ಸೊಂಟದಲ್ಲೇ ಇತ್ತು.

"ಮಕ್ಕಳು ಒಪ್ಪಿದರೆ ನನ್ನದೇನಿಲ್ಲ," ಎಂದರು ತಾಈ, ಬಹಳ ವಿನಯದಿಂದ.

ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೆ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವನು ನೋಡಿದಾಗ ಬರಿಗಾಲನ್ನು ಇನ್ನೊಂದರ ಹಿಂದೆ ಬಚ್ಚಿಟ್ಟರು. ನಮ್ಮ ಸೊಸೈಟಿಯ ವಾಚ್‌ಮನ್ "ಕಾ ಆಜೋಬಾ, ಚಪ್ಪಲ್ ದೇವಳಾತ್ ಗೇಲೀ ಕಾ?" ಎಂದ. ಗುಡಿಯ ಮುಂದೆ ಬಿಟ್ಟು ಕಳೆದುಕೊಂಡರೇ ಎಂದು ಅವನ ಪ್ರಶ್ನೆ. ಮಾವ ತಲೆಯೆತ್ತಿ, "ಇಲ್ಲ, ಪ್ರಮಾಣೀಕರಣಕ್ಕೆ ಹೋಗಿದೆ," ಎಂದು ಮರಾಠಿಯಲ್ಲೇ ಹೇಳಿ ಲಿಫ್ಟಿನ ಕಡೆಗೆ ಕುಂಟುತ್ತ ನಡೆದರು.

ಶುಕ್ರವಾರ ವಾರ ಮುಗಿಯಿತು. ತಾಈ ಅವರ ಕೈಗೆ ಒಂದು ಲಕೋಟೆ ಕೊಟ್ಟು ಕಳಿಸಿದ್ದರು. ಮಾವ ಅದನ್ನು ಶಾಲೆಯ ಉತ್ತರ ಎಂದುಕೊಂಡು, ಎಲ್ಲರನ್ನೂ ಹಾಲಿಗೆ ಕರೆದು, ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು. ಅದು ಅವರದೇ ಪ್ರಗತಿಪತ್ರ.

ಆಜೋಬಾ ಪ್ರಾಮಾಣಿಕರು. ತಮ್ಮ ಕೆಲಸವನ್ನು ಎಷ್ಟು ಗಮನಿಸುತ್ತಾರೋ ಪಕ್ಕದವರ ಕೆಲಸವನ್ನೂ ಅಷ್ಟೇ ಗಮನಿಸುತ್ತಾರೆ. ದಾರವನ್ನು ಸಡಿಲ ಬಿಡಲು ಕಲಿಯುತ್ತಿದ್ದಾರೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಾರೆ. ಅಳುವ ಮಗುವಿಗೆ ಹಾವು ಮಾಡಿಕೊಟ್ಟರು.

ಇಲ್ಲಿಗೆ ಮಾವನ ದನಿ ಸಣ್ಣದಾಗುತ್ತ ಬಂದು ನಿಂತೇಹೋಯಿತು. ಉಳಿದದ್ದನ್ನು ಅತ್ತೆ ಅವರ ಕೈಯಿಂದ ತೆಗೆದುಕೊಂಡು ಓದಿದರು. ಹಾಡುವಾಗ ಅವರ ತುಟಿ ಮಾತ್ರ ಅಲ್ಲಾಡುತ್ತದೆ. ಒಳಗೆ ದನಿ ಇದೆ ಎಂದು ನಮಗೆ ಗೊತ್ತಿದೆ. ಕಾಯುತ್ತೇವೆ.

ಅತ್ತೆ ಪತ್ರವನ್ನು ಕಣ್ಣಿಗೆ ಒತ್ತಿಕೊಂಡರು. "ಪ್ರಶ್ನಿ ಮುಗಿಯೂಕಿಂತ ಮೊದ್ಲ ಉತ್ತರಾ ಕೊಡ್ತೀರಿ ಅಂತ ಮದಿವಿ ಆದಾಗಿಂದ ನಾ ಬಾಯಿಲೆ ಹೇಳೀನಿ. ಈಗ ಲಿಖಿತದಾಗ ಬಂತು ನೋಡ್ರಿ." ಹಾಗೆಂದು ಅದನ್ನು ಫ್ರಿಜ್ಜಿನ ಬಾಗಿಲಿಗೆ ಮಾವಿನಹಣ್ಣಿನ ಆಕಾರದ ಅಯಸ್ಕಾಂತದಿಂದ ಅಂಟಿಸಿದರು. ನನ್ನ ಗಂಡ ನಗು ತಡೆಯಲಾಗದೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡ.

ಮಾವನಿಗೆ ನಿಜಕ್ಕೂ ನೋವಾಗಿತ್ತು. ನೀರು ಕುಡಿಯಲು ಫ್ರಿಜ್ಜಿನ ಹತ್ತಿರ ಹೋದಾಗಲೆಲ್ಲ ನಿಂತು ಓದುತ್ತಿದ್ದರು. ಭಾನುವಾರ ಸಂಜೆ ಮರುಮೌಲ್ಯಮಾಪನ ಕೇಳುವುದೆಂದು ನಿರ್ಧರಿಸಿದರು. ಸೋಮವಾರ ಮತ್ತೆ ನನ್ನ ಸ್ಕೂಟರು. ಈ ಸಲ ಹೊಸ ಚಪ್ಪಲಿ.

ತಾಈ ಎಂದಿನಂತೆ ಪೂರ್ತಿ ಕೇಳಿದರು. ಮಾವ ಒಂದೊಂದೇ ವಾಕ್ಯ ತೆಗೆದುಕೊಂಡು ಆಕ್ಷೇಪಣೆ ಹೇಳಿದರು. ದಾರದ್ದು ಒಪ್ಪುತ್ತೇನೆ, ದನಿಯದ್ದು ವೈಯಕ್ತಿಕ ವಿಷಯ, ಉತ್ತರದ್ದು ಸುಳ್ಳು. ಎಲ್ಲ ಮುಗಿದ ಮೇಲೆ ತಾಈ, "ಆಜೋಬಾ, ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು, ನೀವು ಯಾವತ್ತಾದರೂ..." ಎಂದು ಶುರು ಮಾಡಿದರು.

"ಇಲ್ಲ, ಎಂದೂ ಇಲ್ಲ," ಎಂದರು ಮಾವ.

ಹೊರಗೆ ಮಕ್ಕಳು ರಟ್ಟಿನ ಚಪ್ಪಲಿಗಳನ್ನು ಹಿಡಿದು ಬಾವಿಯ ಕಟ್ಟೆ ಅಳೆಯುತ್ತಿದ್ದವು. ಮಾವ ಬಹಳ ಹೊತ್ತು ಅತ್ತ ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು, "ಈ ವಾರ ಏನು ನಡೆದಿದೆ?" ಎಂದು ಕೇಳಿದರು. ಬೀಜ ಬಿತ್ತುವುದು ಎಂದರು ತಾಈ. ನನಗೆ ಮನೆಗೆ ಹೋಗಲು ಹೇಳಿ ಅವರು ಅಲ್ಲೇ ಉಳಿದರು.

ಅಂದಿನಿಂದ ವಾರಕ್ಕೆರಡು ಸಲ ಹೋಗತೊಡಗಿದರು. ಯಾಕೆ ಹೋಗುತ್ತಾರೆಂದು ನಾನು ಕೇಳಿರಲಿಲ್ಲ. ಒಂದು ಸಂಜೆ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ತಾವೇ ಹೇಳಿದರು. "ಸರ್ವಿಸಿನಾಗ ನಾ ಅಂಗಡಿಗೆ ಹೋದ್ರ ಮಂದಿ ಎದ್ದು ನಿಲ್ತಿದ್ರವಾ. ಖುರ್ಚಿ ಕೊಡ್ತಿದ್ರು, ಸೋಡಾ ತರಸ್ತಿದ್ರು. ಆದ್ರ ನಾ ಯಾವಾಗ ಎದ್ದು ಹೋಗ್ತೀನಿ ಅಂತನ ಎಲ್ಲಾರೂ ಕಾಯ್ತಿದ್ರು. ಇಲ್ಲಿ ಆ ಹುಡುಗೂರು ಬಾಜೂಕ ಜಾಗಾ ಹಿಡದಿಟ್ಟಿರ್ತಾವ." ಆಮೇಲೆ ಚಹಾ ಆರಿದೆ ಎಂದು ಗೊಣಗಿದರು.

ನನ್ನ ಅಂಜಿಕೆ ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಕೆಳಗಿನ ಮನೆಯ ಹುಡುಗ, ನಮ್ಮ ಮಗಳ ವಯಸ್ಸಿನವನು, ಲಿಫ್ಟಿನಲ್ಲಿ ಹದಿನೇಳರ ಮಗ್ಗಿ ಹೇಳುತ್ತಿದ್ದ. ನಾನು ಮನೆಗೆ ಬಂದು, ಬದನೆಕಾಯಿ ಹೆಚ್ಚುವ ನೆಪದಲ್ಲಿ, ಮಗಳನ್ನು ಮೆಲ್ಲಗೆ ಪರೀಕ್ಷಿಸಿದೆ. ಆರು ಏಳಲೆ ಎಷ್ಟು? ಅವಳು ಕಡಲೆಬೀಜ ತಂದು ನೆಲದ ಮೇಲೆ ಸಾಲು ಹಚ್ಚಿದಳು, ನಡುವೆ ಎರಡು ತಿಂದಳು, ಮತ್ತೆ ಎರಡು ತಂದಳು. ನನ್ನ ಮುಖ ನೋಡಿ, "ಮಮ್ಮಿ, ನೀ ಹೆದರೀ ಏನು?" ಎಂದು ಕೇಳಿ, ಹತ್ತಿರ ಬಂದು ಕೂತಳು. ಮತ್ತೇನೂ ಹೇಳಲಿಲ್ಲ. ನಲವತ್ತೆರಡು ಎಂದು ಆಮೇಲೆ ಹೇಳಿದಳು, ನಾನು ಕೇಳಿದ್ದನ್ನೇ ಮರೆತಿದ್ದಾಗ.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಎರಡನೆಯ ತರಗತಿಯವರು ಒಂದು ಮಣ್ಣಿನ ಮನೆ ಕಟ್ಟಿದರು. ಆಟಿಕೆಯದಲ್ಲ, ಐದಾರು ಮಕ್ಕಳು ಒಳಗೆ ಕೂರುವಷ್ಟು ದೊಡ್ಡದು. ಮಣ್ಣು, ಹುಲ್ಲು, ಸಗಣಿ ಕಲಸಿ ತುಳಿಯುವ ಕೆಲಸಕ್ಕೆ ಪಾಲಕರನ್ನೂ ಕರೆದಿದ್ದರು. ನನ್ನ ಗಂಡ ರಜೆ ಹಾಕಿ ಬಂದು ಮೊಣಕಾಲ ತನಕ ಕೆಸರಿನಲ್ಲಿ ನಿಂತಿದ್ದ. ಮಾವ ಪ್ಯಾಂಟು ಮಡಚಿಕೊಂಡು, ಮಕ್ಕಳು ಕೊಟ್ಟ ಮಣ್ಣುಂಡೆಗಳನ್ನು ಗೋಡೆಗೆ ಇಡುತ್ತಿದ್ದರು.

ಬಾಗಿಲಿನ ಚೌಕಟ್ಟು ನಿಲ್ಲಿಸಿದ ದಿನ ಅದು ಸೊಟ್ಟಗಾಗಿತ್ತು. ನಾನು ಅಷ್ಟು ದೂರದಿಂದಲೇ ಕಂಡೆ. ಮಾವ ಕಂಡಿರಲೇಬೇಕು. ಅವರ ಕೈ ಟೇಪಿದ್ದ ಕಿಸೆಗೆ ಹೋಯಿತು, ಅಲ್ಲೇ ನಿಂತಿತು, ಬರಿದಾಗಿ ಹೊರಗೆ ಬಂತು. ನಾನು ಕೆಲಸ ಬಿಟ್ಟು ಅವರನ್ನೇ ನೋಡುತ್ತಿದ್ದೆ.

ಕಡೆಗೆ ಮಗಳೇ, "ಅಜ್ಜಾ, ಬಾಗಲಾ ಸೊಟ್ಟ ಆಗ್ಯದಲ್ಲ?" ಎಂದು ಕೇಳಿದಳು.

ಮಾವ ಅವಳ ಪ್ರಶ್ನೆ ಮುಗಿದಿದೆಯೇ ಎಂದು ಕಾದರು. ಮುಗಿದಿತ್ತು.

"ಆಗ್ಯದ," ಎಂದರು. "ಏನ್ ಮಾಡೂಣು, ನೀವ ಹೇಳ್ರಿ."

ಮಕ್ಕಳು ಕೂತು ಮಾತಾಡಿದವು. ಚೌಕಟ್ಟು ಕೀಳುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ. ಒಳಗೆ ಹೋಗುವವರು ಬಲಕ್ಕೆ ವಾಲಿ ಹೋಗಬೇಕು ಎಂದು ನಿಯಮ ಮಾಡಿದವು. ಗೃಹಪ್ರವೇಶದ ದಿನ ತಾಈ, ಪಾಲಕರು, ಅತ್ತೆ, ಎಲ್ಲರೂ ಸರದಿಯಂತೆ ಬಲಕ್ಕೆ ವಾಲಿಕೊಂಡು ಒಳಗೆ ಹೋದೆವು. ಅತ್ತೆ ಒಂದು ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ ಹಿಡಿದಿದ್ದರು, ಅದೂ ವಾಲಿತ್ತು. ಮಾವ ಮಾತ್ರ ಎಡಕ್ಕೆ ವಾಲಿ ಹಣೆ ಬಡಿಸಿಕೊಂಡರು. ಮಕ್ಕಳು ಅವರನ್ನು ಹೊರಗೆ ಕಳಿಸಿ ಮತ್ತೊಮ್ಮೆ ಸರಿಯಾಗಿ ಬರುವಂತೆ ಹೇಳಿದವು. ಅವರು ಹೊರಗೆ ಹೋಗಿ, ಮತ್ತೊಮ್ಮೆ ಸರಿಯಾಗಿ ಬಂದರು. ಕೆಲವರು ಒಳಗೆ, ಉಳಿದವರು ಬಾಗಿಲಲ್ಲಿ ಕೂತು ಹಾಡಿದಾಗ ಮಾವನ ದನಿಯೂ ಕೇಳಿತು. ಶ್ರುತಿ ಎಲ್ಲೋ ಇತ್ತು, ಅವರು ಇನ್ನೆಲ್ಲೋ ಇದ್ದರು. ತಾಈ ತಲೆಯೆತ್ತದೆ ತಾಳ ಹಾಕಿದರು.

ಆ ಮನೆ ಈಗಲೂ ಇದೆ. ಮಕ್ಕಳು ಬೆಳೆದು ಅದರೊಳಗೆ ಹಿಡಿಸುವುದಿಲ್ಲ. ಪಕ್ಕದ ಹೊಲದ ಕೋಳಿಗಳು ಬಂದು ಸೇರಿಕೊಂಡಿವೆ, ಮೊಟ್ಟೆಯನ್ನೂ ಇಡುತ್ತವೆ. ಅವುಗಳಿಗೆ ಬಲಕ್ಕೆ ವಾಲುವ ನಿಯಮ ಹೇಳಿಕೊಡಲು ಮೊನ್ನೆ ಒಂದನೆಯ ತರಗತಿಯ ಮಕ್ಕಳು ಒಂದು ಗಂಟೆ ಪ್ರಯತ್ನ ಪಟ್ಟವಂತೆ.